ಪುಸ್ತಕ ಹೋಯಿತು, ದುಡ್ಡು ಯಾವಾಗ ಬರುತ್ತೆ? ಸ್ಕಾಟ್ಲೆಂಡಿನ ಸಣ್ಣ ಪ್ರಕಾಶಕರ ಒಂದು ವರ್ಷ

ಡಿಸೆಂಬರ್ ಬಂತೆಂದರೆ ಸ್ಕಾಟ್ಲೆಂಡಿನ ಸಣ್ಣ ಪ್ರಕಾಶಕರು ತಮ್ಮ ವರ್ಷವನ್ನು ತಿರುಗಿ ನೋಡುತ್ತಾರೆ. ಇಷ್ಟು ಪುಸ್ತಕ ತಂದೆವು, ಇಂಥ ಪ್ರಶಸ್ತಿಯ ಪಟ್ಟಿಗೆ ಬಂದೆವು, ಲೇಖಕರ ಜೊತೆ ಇಂತಿಂಥ ಊರು ಸುತ್ತಿದೆವು ಅಂತ ಓದುಗರಿಗೆ ಹೇಳಿಕೊಳ್ಳುತ್ತಾರೆ. ಓದಲು ಖುಷಿಯಾಗುತ್ತದೆ. ಆದರೆ ಅವರನ್ನು ಒಂದು ಸರಳ ಪ್ರಶ್ನೆ ಕೇಳಿ ನೋಡಿ: ಈ ವರ್ಷ ಲಾಭವಾಯಿತಾ? ಡಿಸೆಂಬರಿನಲ್ಲಿ ಇದಕ್ಕೆ ಖಚಿತ ಉತ್ತರ ಅವರಿಗೇ ಗೊತ್ತಿರುವುದಿಲ್ಲ. ಅಂಗಡಿಗೆ ಹೋದ ಪುಸ್ತಕ ನಿಜಕ್ಕೂ ಮಾರಾಟವಾಯಿತೋ, ಇಲ್ಲಾ ವಾಪಸ್ ಬರುತ್ತದೋ ಅನ್ನೋದು ಮುಂದಿನ ವರ್ಷದ ಮಾರ್ಚ್ ಹೊತ್ತಿಗೆ ತಿಳಿಯುತ್ತದೆ.

ಸಣ್ಣ ಪ್ರಕಾಶನ ಸಂಸ್ಥೆಯೊಂದು ಉಳಿಯುತ್ತದೋ ಮುಳುಗುತ್ತದೋ ಅನ್ನೋದನ್ನು ಎಷ್ಟು ಪ್ರತಿ ಹೋದವು ಅನ್ನೋದಕ್ಕಿಂತ, ದುಡ್ಡು ಯಾವಾಗ ಕೈಗೆ ಬಂತು ಅನ್ನೋದು ಜಾಸ್ತಿ ತೀರ್ಮಾನಿಸುತ್ತದೆ. ಪುಸ್ತಕ ಸೋತಾಗ ಮಾತ್ರ ಅಲ್ಲ, ಗೆದ್ದಾಗಲೂ ಈ ಮಾತು ನಿಜ.

ಕನ್ನಡದವರಿಗೂ ಈ ಲೋಕದ ಪರಿಚಯ ಸ್ವಲ್ಪ ಆಗಿದೆ. 2025ರ ಮೇ ತಿಂಗಳಲ್ಲಿ ಬಾನು ಮುಷ್ತಾಕ್ ಅವರ ಕಥೆಗಳಿಗೆ, ದೀಪಾ ಭಾಸ್ತಿ ಅವರ ಅನುವಾದದಲ್ಲಿ, ಇಂಟರ್‌ನ್ಯಾಷನಲ್ ಬುಕರ್ ಬಂತಲ್ಲ, ಆ ಪುಸ್ತಕವನ್ನು ಬ್ರಿಟನ್ನಿನಲ್ಲಿ ತಂದದ್ದು ಶೆಫೀಲ್ಡ್ ಊರಿನ ಅಂಡ್ ಅದರ್ ಸ್ಟೋರೀಸ್ ಅನ್ನೋ ಸಣ್ಣ ಸಂಸ್ಥೆ. ಶೆಫೀಲ್ಡ್ ಇರುವುದು ಇಂಗ್ಲೆಂಡಿನಲ್ಲಿ. ಆದರೂ ಲಂಡನ್ನಿನಿಂದ ದೂರ ಕೂತು, ಕಡಿಮೆ ಜನ, ಕಡಿಮೆ ಬಂಡವಾಳ ಇಟ್ಟುಕೊಂಡು ಪುಸ್ತಕ ಮಾಡುವ ಕಷ್ಟಸುಖ ಅಲ್ಲೂ ಒಂದೇ, ಸ್ಕಾಟ್ಲೆಂಡಿನಲ್ಲೂ ಒಂದೇ.

ಸ್ಕಾಟ್ಲೆಂಡಿನ ಜನಸಂಖ್ಯೆ ಸುಮಾರು 55 ಲಕ್ಷ. ನಮ್ಮ ಬೆಂಗಳೂರಿನ ಅರ್ಧದಷ್ಟೂ ಇಲ್ಲ. ಆದರೆ 19ನೇ ಶತಮಾನದಲ್ಲಿ ಎಡಿನ್‌ಬರೊ ದೊಡ್ಡ ಮುದ್ರಣ ನಗರ. ಕಾನ್‌ಸ್ಟೇಬಲ್, ಬ್ಲ್ಯಾಕ್‌ವುಡ್, ಚೇಂಬರ್ಸ್, ನೆಲ್ಸನ್ ಎಲ್ಲ ಅಲ್ಲಿಂದಲೇ ಲೋಕಕ್ಕೆಲ್ಲ ಪುಸ್ತಕ ಕಳಿಸುತ್ತಿದ್ದರು. ಕಾಲಿನ್ಸ್ ಶುರುವಾದದ್ದು ಗ್ಲಾಸ್ಗೊದಲ್ಲಿ. ಆಮೇಲೆ ವ್ಯಾಪಾರವೆಲ್ಲ ಲಂಡನ್ನಿಗೆ ಸರಿಯಿತು. ಈಗ ಉಳಿದಿರುವವರು, ಹೊಸದಾಗಿ ಹುಟ್ಟಿಕೊಂಡವರು ಬಹುಪಾಲು ಸ್ವತಂತ್ರರು: 1973ರಲ್ಲಿ ಶುರುವಾದ ಕ್ಯಾನನ್‌ಗೇಟ್, 1992ರ ಬರ್ಲಿನ್, ಲ್ಯಾಟಿನ್ ಅಮೆರಿಕದ ಸಾಹಿತ್ಯವನ್ನು ಅನುವಾದಿಸಿ ತರುವ ಚಾರ್ಕೊ, ಗ್ಲಾಸ್ಗೊದಲ್ಲಿ ಬೆಳೆದ ಸಾರಾಬ್ಯಾಂಡ್. ಕೆಲವರ ಹತ್ತಿರ ಹತ್ತಾರು ಜನ ಕೆಲಸ ಮಾಡುತ್ತಾರೆ. ಇನ್ನು ಕೆಲವರ ಹತ್ತಿರ ಇಬ್ಬರೇ.

ಮೊದಲು ಒಂದು ಪುಸ್ತಕದ ದುಡ್ಡು ಹೇಗೆ ಹಂಚಿಹೋಗುತ್ತದೆ ಅಂತ ನೋಡೋಣ. ಬೆನ್ನಿಗೆ 10 ಪೌಂಡ್ ಅಂತ ಬೆಲೆ ಹಾಕಿದ ಒಂದು ಪೇಪರ್‌ಬ್ಯಾಕ್ ತಗೊಳ್ಳಿ. ಅಂಗಡಿಯವರ ಪಾಲು ಹೆಚ್ಚುಕಡಿಮೆ ಅರ್ಧ. ದೊಡ್ಡ ಸರಣಿ ಅಂಗಡಿಗಳು, ಆನ್‌ಲೈನ್ ಮಾರಾಟಗಾರರು ಇದಕ್ಕಿಂತ ಜಾಸ್ತಿ ಕೇಳುತ್ತಾರೆ. ಅರ್ಧ ಅಂತಲೇ ಇಟ್ಟುಕೊಂಡರೆ ಉಳಿದದ್ದು 5 ಪೌಂಡ್. ಗೋದಾಮಿನಲ್ಲಿಟ್ಟು ಲಾರಿಗೆ ಹಾಕಿ ಕಳಿಸುವ ವಿತರಕರು, ಅಂಗಡಿ ಅಂಗಡಿ ತಿರುಗಿ ಆರ್ಡರ್ ತರುವ ಮಾರಾಟ ಪ್ರತಿನಿಧಿಗಳು, ಇವರಿಬ್ಬರಿಗೂ ಸೇರಿ ಒಂದೂಕಾಲು ಪೌಂಡ್ ಅನ್ನೋಣ. ಸಣ್ಣ ಸಂಖ್ಯೆಯ ಮುದ್ರಣಕ್ಕೆ ಪ್ರತಿಗೆ ಒಂದೂಮುಕ್ಕಾಲು ಪೌಂಡ್. ಲೇಖಕರಿಗೆ ಶೇಕಡ ಏಳೂವರೆ ಗೌರವಧನ, ಅಂದರೆ ಮುಕ್ಕಾಲು ಪೌಂಡ್. ಕೊನೆಗೆ ಪ್ರಕಾಶಕರ ಕೈಯಲ್ಲಿ ಉಳಿಯುವುದು ಒಂದೂಕಾಲು ಪೌಂಡ್.

ಇದು ತಿಳಿಯಲಿ ಅಂತ ಹಾಕಿದ ಲೆಕ್ಕ. ಪುಸ್ತಕದಿಂದ ಪುಸ್ತಕಕ್ಕೆ ಅಂಕಿ ಬದಲಾಗುತ್ತದೆ, ಆದರೆ ಪ್ರಮಾಣ ಹೆಚ್ಚುಕಡಿಮೆ ಹೀಗೇ. ಎರಡು ಸಾವಿರ ಪ್ರತಿ ಪೂರ್ತಿ ಹೋದರೆ ಎರಡೂವರೆ ಸಾವಿರ ಪೌಂಡ್. ಅದರಲ್ಲಿ ಸಂಪಾದಕರ ಸಂಬಳ, ಕರಡು ತಿದ್ದಿದವರ ಕೂಲಿ, ಮುಖಪುಟ ಮಾಡಿದ ಕಲಾವಿದರ ಹಣ, ಬಾಡಿಗೆ, ವಿಮರ್ಶಕರಿಗೆ ಕಳಿಸಿದ ಪ್ರತಿಗಳ ಅಂಚೆ ಖರ್ಚು ಎಲ್ಲ ಬರಬೇಕು. ಬ್ರಿಟನ್ನಿನಲ್ಲಿ ಮುದ್ರಿತ ಪುಸ್ತಕಕ್ಕೆ ವ್ಯಾಟ್ ಸೊನ್ನೆ. ಅಷ್ಟು ಮಟ್ಟಿಗೆ ಪುಣ್ಯ.

ಅಂಗಡಿಯವರ ಪಾಲು ಇಷ್ಟೊಂದು ಯಾಕೆ ಅಂತ ಅನ್ನಿಸಬಹುದು. ಹಿಂದೆ ಬ್ರಿಟನ್ನಿನಲ್ಲಿ ನೆಟ್ ಬುಕ್ ಅಗ್ರೀಮೆಂಟ್ ಅನ್ನೋ ಒಪ್ಪಂದ ಇತ್ತು. ಪ್ರಕಾಶಕರು ಹಾಕಿದ ಬೆಲೆಗಿಂತ ಕಡಿಮೆಗೆ ಯಾವ ಅಂಗಡಿಯೂ ಮಾರುವಂತಿರಲಿಲ್ಲ. 1995ರಲ್ಲಿ ದೊಡ್ಡ ಪ್ರಕಾಶಕರು ಅದರಿಂದ ಹೊರಬಂದರು, ಒಪ್ಪಂದ ಮುರಿದುಬಿತ್ತು. ಆಮೇಲೆ ಸೂಪರ್ ಮಾರ್ಕೆಟ್‌ಗಳು, ಆನ್‌ಲೈನ್‌ನವರು ಅರ್ಧ ಬೆಲೆಗೆ ಪುಸ್ತಕ ಮಾರತೊಡಗಿದರು. ಹಾಗೆ ಮಾರಬೇಕಾದರೆ ಪ್ರಕಾಶಕರಿಂದ ಜಾಸ್ತಿ ರಿಯಾಯಿತಿ ಬೇಕಲ್ವಾ? ಲಕ್ಷಗಟ್ಟಲೆ ಪ್ರತಿ ಮಾರುವ ದೊಡ್ಡವರಿಗೆ ಅದು ತಾಳಿಕೊಳ್ಳುವ ಮಾತು. ಎರಡು ಸಾವಿರ ಪ್ರತಿ ಹಾಕಿಸುವವರಿಗೆ ಚೌಕಾಸಿ ಮಾಡುವ ಬಲವೇ ಇರುವುದಿಲ್ಲ.

ಇನ್ನು ಸಮಯದ ಮಾತು. ಅಕ್ಟೋಬರಿನಲ್ಲಿ ಒಂದು ಪುಸ್ತಕ ಬರಬೇಕೆಂದರೆ ಅದರ ಮಾಹಿತಿ ಹಾಳೆ ವಸಂತದಲ್ಲೇ ಸಿದ್ಧವಿರಬೇಕು. ಒಂದೇ ಒಂದು ಪುಟ. ಮೇಲೆ ಮುಖಪುಟದ ಚಿತ್ರ, ಪಕ್ಕದಲ್ಲಿ ಐಎಸ್‌ಬಿಎನ್ ಅನ್ನೋ 13 ಅಂಕಿಯ ಗುರುತಿನ ಸಂಖ್ಯೆ, ಬೆಲೆ, ಪುಟಸಂಖ್ಯೆ, ಬಿಡುಗಡೆಯ ದಿನ. ಕೆಳಗೆ ಕಥೆಯ ಬಗ್ಗೆ ನಾಲ್ಕು ಸಾಲು, ಲೇಖಕರು ಯಾವ ಊರಿನವರು, ಇದೇ ಬಗೆಯ ಯಾವ ಪುಸ್ತಕ ಓದಿದವರಿಗೆ ಇದು ಹಿಡಿಸಬಹುದು ಅನ್ನೋ ಒಂದೆರಡು ಹೆಸರು. ಆ ಹೊತ್ತಿಗೆ ಕಾದಂಬರಿಯ ಕರಡು ಇನ್ನೂ ಸಂಪಾದಕರ ಮೇಜಿನ ಮೇಲೇ ಇರುತ್ತದೆ. ಪ್ರತಿನಿಧಿ ಇದೇ ಹಾಳೆ ಹಿಡಿದು ಅಂಗಡಿಗೆ ಹೋಗುತ್ತಾರೆ. ಖರೀದಿ ನೋಡಿಕೊಳ್ಳುವವರು ಆ ಹಾಳೆಯ ಮೇಲೆ ಒಂದೆರಡು ನಿಮಿಷ ಕಣ್ಣಾಡಿಸಿ, ಎಷ್ಟು ಪ್ರತಿ ಬೇಕು ಅಂತ ಹೇಳುತ್ತಾರೆ. ಬರಹಗಾರರ ಮೂರು ನಾಲ್ಕು ವರ್ಷದ ಕೆಲಸದ ಹಣೆಬರಹ ಬಹಳಷ್ಟು ಆ ಒಂದೆರಡು ನಿಮಿಷದಲ್ಲಿ ನಿರ್ಧಾರವಾಗುತ್ತದೆ. ಮಾಹಿತಿ ಹಾಳೆ ಬರೆಯುವ ಕೆಲಸವನ್ನು ಸಣ್ಣ ಸಂಸ್ಥೆಗಳಲ್ಲಿ ಯಜಮಾನರೇ ಕೂತು ಮಾಡುವುದು ಇದಕ್ಕೇ.

ಹೀಗೆ ಬಂದ ಆರ್ಡರ್ ಕೂಡ ಪಕ್ಕಾ ಮಾರಾಟವಲ್ಲ. ಬ್ರಿಟನ್ನಿನ ಪುಸ್ತಕದಂಗಡಿಗಳು ತಗೊಳ್ಳುವ ಪುಸ್ತಕಗಳಲ್ಲಿ ಹೆಚ್ಚಿನವು ವಾಪಸಾತಿಯ ಷರತ್ತಿನ ಮೇಲೆ ಹೋಗುತ್ತವೆ. ಮಾರಿದರೆ ಸರಿ, ಮಾರದಿದ್ದರೆ ಕೆಲವು ತಿಂಗಳ ಮೇಲೆ ಹಿಂದಕ್ಕೆ ಕಳಿಸಬಹುದು. ಪ್ರಕಾಶಕರು ಅದರ ದುಡ್ಡನ್ನು ಖಾತೆಗೆ ವಾಪಸ್ ಹಾಕಬೇಕು. ಕ್ರಿಸ್‌ಮಸ್‌ಗೆ ಅಂತ ಅಂಗಡಿಗಳು ಕಪಾಟು ತುಂಬಿಸಿಕೊಳ್ಳುತ್ತವೆ, ಜನವರಿಯಿಂದ ಮಾರ್ಚ್‌ವರೆಗೆ ಖಾಲಿ ಮಾಡುತ್ತವೆ. ಆಗ ಗೋದಾಮಿಗೆ ಪೆಟ್ಟಿಗೆಗಳು ಬರುತ್ತವೆ. ಬಿಚ್ಚಿದರೆ ಒಳಗೆ ಮೂಲೆ ಮಡಚಿದ, ಬೆಲೆಯ ಚೀಟಿ ಅಂಟಿದ, ಮುಖಪುಟಕ್ಕೆ ಗೀರು ಬಿದ್ದ ಪ್ರತಿಗಳು. ಎಷ್ಟೋ ಪ್ರತಿಗಳನ್ನು ಮತ್ತೆ ಹೊಸದು ಅಂತ ಮಾರೋಕೆ ಆಗುವುದಿಲ್ಲ. ಅವು ರದ್ದಿಗೆ ಹೋಗುತ್ತವೆ. ಮುದ್ರಣಕ್ಕೆ ಕೊಟ್ಟ ದುಡ್ಡು ಹೋಯಿತು, ಸಾಗಣೆಯ ದುಡ್ಡೂ ಹೋಯಿತು.

ನಿಜವಾಗಿ ಮಾರಾಟವಾದ ಪ್ರತಿಗಳ ಹಣವೂ ಕೂಡಲೇ ಕೈಗೆ ಸಿಗುವುದಿಲ್ಲ. ಅಂಗಡಿಯವರು ವಿತರಕರಿಗೆ ಕೊಟ್ಟು, ವಿತರಕರು ಪ್ರಕಾಶಕರಿಗೆ ಕೊಡುವಷ್ಟರಲ್ಲಿ ಎರಡು ಮೂರು ತಿಂಗಳು ಕಳೆದಿರುತ್ತದೆ. ಮುದ್ರಣಾಲಯದವರು ಅಷ್ಟು ದಿನ ಕಾಯುವುದಿಲ್ಲ. ಸಣ್ಣವರಿಗೆ, ಹೊಸಬರಿಗೆ ಅಂತೂ ಮುಂಗಡವೇ ಕೇಳುತ್ತಾರೆ.

ಈಗ 2016ಕ್ಕೆ ಹೋಗೋಣ. ಸಣ್ಣ ಪ್ರಕಾಶಕರ ವರ್ಷ ಹೇಗಿರುತ್ತದೆ ಅಂತ ಯಾರಾದರೂ ಕೇಳಿದರೆ ನನಗೆ ಮೊದಲು ನೆನಪಾಗುವುದು ಸಾರಾಬ್ಯಾಂಡ್‌ನ ಆ ವರ್ಷ.

ಸಾರಾ ಹಂಟ್ ನಡೆಸುವ ಈ ಸಂಸ್ಥೆ 2013ರಲ್ಲಿ ಸ್ಕಾಟ್ಲೆಂಡಿನ ವರ್ಷದ ಪ್ರಕಾಶಕ ಅನ್ನಿಸಿಕೊಂಡಿತ್ತು. ಅಪರಾಧ ಕಥೆಗಳಿಗಾಗಿ ಕಾಂಟ್ರಬ್ಯಾಂಡ್ ಅನ್ನೋ ಬೇರೆ ಹೆಸರಿನಲ್ಲಿ ಪುಸ್ತಕ ತರುತ್ತಿತ್ತು. 2015ರ ನವೆಂಬರಿನಲ್ಲಿ ಗ್ರೇಮ್ ಮಕ್ರೇ ಬರ್ನೆಟ್ ಅವರ 'ಹಿಸ್ ಬ್ಲಡಿ ಪ್ರಾಜೆಕ್ಟ್' ಬಂತು. 1869ರಲ್ಲಿ ಸ್ಕಾಟ್ಲೆಂಡಿನ ವಾಯವ್ಯ ಕರಾವಳಿಯ ಕಲ್ಡೂಯಿ ಅನ್ನೋ ಪುಟ್ಟ ಹಳ್ಳಿಯಲ್ಲಿ ನಡೆದ ಮೂರು ಕೊಲೆಗಳ ಕಥೆ. ಗೇಣಿ ಭೂಮಿಯಲ್ಲಿ ದುಡಿಯುವ ಕುಟುಂಬದ 17 ವರ್ಷದ ಹುಡುಗ ಬರೆದ ಹೇಳಿಕೆ, ವೈದ್ಯರ ವರದಿ, ನ್ಯಾಯಾಲಯದ ವಿಚಾರಣೆ ಅಂತ ದಾಖಲೆಗಳ ರೂಪದಲ್ಲಿ ಕಟ್ಟಿದ ಕಾದಂಬರಿ. ಬಂದಾಗ ಹೆಚ್ಚು ಸದ್ದೇನೂ ಆಗಲಿಲ್ಲ. ಸಣ್ಣ ಸಂಸ್ಥೆಯ ಪುಸ್ತಕ, ಸಣ್ಣ ಮುದ್ರಣ.

2016ರ ಜುಲೈ ಕೊನೆಯಲ್ಲಿ ಮ್ಯಾನ್ ಬುಕರ್ (ಈಗಿನ ಬುಕರ್) ಪ್ರಶಸ್ತಿಯ ಲಾಂಗ್‌ಲಿಸ್ಟ್, ಅಂದರೆ ಮೊದಲ ಸುತ್ತಿನ ಪಟ್ಟಿ, ಬಂತು. ಸಲ್ಲಿಕೆಯಾದ 155 ಪುಸ್ತಕಗಳಲ್ಲಿ ಆರಿಸಿದ 13ರಲ್ಲಿ ಇದೂ ಒಂದು. ಆ ಅಪರಾಧ ವಿಭಾಗವನ್ನು ನೋಡಿಕೊಳ್ಳುತ್ತಿದ್ದವರು ಇಬ್ಬರು. ಎಲ್ಲ ಕಡೆಯಿಂದ ಒಮ್ಮೆಲೇ ಬೇಡಿಕೆ ಶುರುವಾಯಿತು.

ಈ ಜಾಗದಲ್ಲಿ ಸ್ವಲ್ಪ ನಿಲ್ಲಬೇಕು. ಇಂಥ ಹೊತ್ತಿನಲ್ಲಿ ಪ್ರಕಾಶಕರು ಒಂದೆರಡು ದಿನದಲ್ಲಿ ಒಂದು ತೀರ್ಮಾನ ತಗೊಳ್ಳಬೇಕು: ಎಷ್ಟು ಪ್ರತಿ ಮುದ್ರಿಸುವುದು? ಕಡಿಮೆ ಹಾಕಿಸಿದರೆ ಓದುಗ ಅಂಗಡಿಗೆ ಬಂದು ಬರಿಗೈಲಿ ಹೋಗುತ್ತಾನೆ, ಮತ್ತೆ ಬರುವುದಿಲ್ಲ. ಲಾಂಗ್‌ಲಿಸ್ಟಿನ ಸುದ್ದಿಗೆ ಆಯುಸ್ಸು ಕೆಲವೇ ವಾರ. ಜಾಸ್ತಿ ಹಾಕಿಸಿ, ಸೆಪ್ಟೆಂಬರಿನ ಶಾರ್ಟ್‌ಲಿಸ್ಟಿನಲ್ಲಿ, ಅಂದರೆ ಕೊನೆಯ ಸುತ್ತಿನ ಪಟ್ಟಿಯಲ್ಲಿ, ಹೆಸರು ಬರದೆ ಹೋದರೆ ಅಂಗಡಿಗಳು ಅದನ್ನೆಲ್ಲ ವಾಪಸ್ ಕಳಿಸುತ್ತವೆ. ಮುದ್ರಣದ ಬಿಲ್ ಮಾತ್ರ ಆಗಸ್ಟಿನಲ್ಲೇ ಬಂದು ಕೂತಿರುತ್ತದೆ. ಜೊತೆಗೆ ಆಗಿನ ನಿಯಮದಂತೆ, ಪುಸ್ತಕ ಶಾರ್ಟ್‌ಲಿಸ್ಟಿಗೆ ಬಂದರೆ ಪ್ರಕಾಶಕರೇ ಪ್ರಚಾರದ ಖರ್ಚಿಗೆ ಅಂತ 5,000 ಪೌಂಡ್ ಕೊಡಬೇಕು. ಗೆದ್ದರೆ ಮತ್ತೆ 5,000. ನಮ್ಮ ಮೇಲಿನ ಲೆಕ್ಕದಲ್ಲಿ ಹೇಳುವುದಾದರೆ ಮೊದಲ ಐದು ಸಾವಿರವೇ ನಾಲ್ಕು ಸಾವಿರ ಪ್ರತಿಗಳ ಉಳಿಕೆ. ದೊಡ್ಡ ಸಂಸ್ಥೆಯೊಂದು ಇದನ್ನು ಬೇರೆ ಪುಸ್ತಕದ ಲಾಭದಿಂದ ತುಂಬಿಕೊಳ್ಳುತ್ತದೆ. ಇಬ್ಬರೇ ಇರುವ ಕಡೆ ಅದು ಬ್ಯಾಂಕಿನ ಬಾಗಿಲು ತಟ್ಟುವ ವಿಷಯ.

ಸೆಪ್ಟೆಂಬರ್ 13ಕ್ಕೆ ಶಾರ್ಟ್‌ಲಿಸ್ಟ್ ಬಂತು. ಆರರಲ್ಲಿ ಈ ಪುಸ್ತಕವೂ ಇತ್ತು. ಆ ಆರರ ಪೈಕಿ ಅಂಗಡಿಗಳಲ್ಲಿ ಎಲ್ಲಕ್ಕಿಂತ ಹೆಚ್ಚು ಮಾರಾಟವಾಗುತ್ತಿದ್ದದ್ದೂ ಇದೇ. ಅಕ್ಟೋಬರ್ 25ರಂದು ಪ್ರಶಸ್ತಿ ಪಾಲ್ ಬೀಟಿ ಅವರ ಕಾದಂಬರಿಗೆ ಹೋಯಿತು. ಅದರ ಪ್ರಕಾಶಕರು ಒನ್‌ವರ್ಲ್ಡ್, ಅವರೂ ಸ್ವತಂತ್ರರೇ. ಬರ್ನೆಟ್ ಗೆಲ್ಲಲಿಲ್ಲ, ಆದರೆ ಪುಸ್ತಕ ಹಲವು ಭಾಷೆಗಳಿಗೆ ಹೋಯಿತು.

ಸಾಮಾನ್ಯವಾಗಿ ಇಂಥ ಲೇಖಕರನ್ನು ಲಂಡನ್ನಿನ ದೊಡ್ಡವರು ದೊಡ್ಡ ಮುಂಗಡ ಕೊಟ್ಟು ಕರೆದುಕೊಂಡು ಹೋಗುತ್ತಾರೆ. ಸಣ್ಣ ಪ್ರಕಾಶಕರಿಗೆ ಗೆಲುವಿನಲ್ಲಿ ಆಗುವ ಅತಿ ದೊಡ್ಡ ನಷ್ಟ ಇದು. ಹುಡುಕಿ, ತಿದ್ದಿ, ನಂಬಿ ಬೆಳೆಸಿದವರು ಒಬ್ಬರು, ಫಲ ಉಣ್ಣುವವರು ಇನ್ನೊಬ್ಬರು. ಬರ್ನೆಟ್ ಹೋಗಲಿಲ್ಲ. 2017ರ ಕಾದಂಬರಿಯೂ ಇದೇ ಸಂಸ್ಥೆಯಿಂದ ಬಂತು. 2021ರ 'ಕೇಸ್ ಸ್ಟಡಿ' ಕೂಡ ಸಾರಾಬ್ಯಾಂಡ್‌ನದೇ, ಅದು 2022ರ ಬುಕರ್ ಲಾಂಗ್‌ಲಿಸ್ಟಿಗೂ ಬಂತು. ಇದು ನನಗೆ ಬಹಳ ದೊಡ್ಡ ಸಂಗತಿ ಅನ್ನಿಸುತ್ತದೆ. ಲೇಖಕ ಮತ್ತು ಪ್ರಕಾಶಕರ ನಡುವಿನ ನಂಬಿಕೆ ಯಾವ ಲೆಕ್ಕದ ಪುಸ್ತಕದಲ್ಲೂ ಕಾಣುವುದಿಲ್ಲ, ಆದರೆ ಮುಂದಿನ ಹತ್ತು ವರ್ಷದ ಆದಾಯ ಅದರ ಮೇಲೇ ನಿಂತಿರುತ್ತದೆ.

ಪ್ರಶಸ್ತಿ ಬಂದೇಬಿಟ್ಟರೆ? ಬುಕರ್ ಹಣದಲ್ಲಿ ಪ್ರಕಾಶಕರಿಗೆ ಪಾಲಿಲ್ಲ. ಇಂಟರ್‌ನ್ಯಾಷನಲ್ ಬುಕರ್‌ನ 50,000 ಪೌಂಡ್ ಲೇಖಕರಿಗೂ ಅನುವಾದಕರಿಗೂ ಸಮ ಪಾಲು. ಅದು ಹಾಗೇ ಇರಬೇಕು. ಪ್ರಕಾಶಕರಿಗೆ ಸಿಗುವುದು ಮಾರಾಟದ ಅವಕಾಶ, ಅದರ ಜೊತೆಗೇ ಮರುಮುದ್ರಣದ ಹೊರೆ. 2019ರಲ್ಲಿ ಓಮಾನಿನ ಜೋಖಾ ಅಲ್‌ಹಾರ್ಥಿ ಅವರ ಕಾದಂಬರಿ, ಮೆರಿಲಿನ್ ಬೂತ್ ಅವರ ಅನುವಾದದಲ್ಲಿ, ಈ ಪ್ರಶಸ್ತಿ ಗೆದ್ದಾಗ ಅದು ಅರಬ್ಬೀ ಭಾಷೆಗೆ ಬಂದ ಮೊದಲ ಗೆಲುವು. ಅದನ್ನು ತಂದದ್ದು ಉತ್ತರ ಸ್ಕಾಟ್ಲೆಂಡಿನ ಗುಡ್ಡಗಾಡು ಸೀಮೆಯಲ್ಲಿ, ಡಿಂಗ್‌ವಾಲ್ ಅನ್ನೋ ಚಿಕ್ಕ ಪೇಟೆಯಲ್ಲಿ 2002ರಲ್ಲಿ ಹುಟ್ಟಿದ ಸ್ಯಾಂಡ್‌ಸ್ಟೋನ್ ಪ್ರೆಸ್. ಓಮಾನಿನ ಒಂದು ಹಳ್ಳಿಯ ಕಥೆಯನ್ನು ಇಂಗ್ಲಿಷ್ ಓದುಗರ ಕೈಗಿಟ್ಟವರು ಆ ಗುಡ್ಡಗಾಡು ಸೀಮೆಯಲ್ಲಿ ಕೂತಿದ್ದರು ಅನ್ನೋದು ಖುಷಿಯ ಮಾತು.

ಪ್ರಶಸ್ತಿ ಉಳಿಸುತ್ತದೆ ಅಂತಲೂ ಹೇಳೋಕಾಗಲ್ಲ. ಗ್ಲಾಸ್ಗೊದ ಫ್ರೈಟ್ ಬುಕ್ಸ್ 2015ರಲ್ಲಿ ಸ್ಕಾಟ್ಲೆಂಡಿನ ವರ್ಷದ ಪ್ರಕಾಶಕ. 2017ರಲ್ಲಿ ಬಾಗಿಲು ಮುಚ್ಚಿತು. ಅದರ ಲೇಖಕರು ತಮ್ಮ ಪುಸ್ತಕಗಳಿಗೆ ಬೇರೆ ಪ್ರಕಾಶಕರನ್ನು ಹುಡುಕಬೇಕಾಯಿತು.

ಪ್ರಕಾಶಕರು ಎಲ್ಲ ಸರಿಯಾಗಿ ಮಾಡಿದರೂ ನಡುವಿನವರು ಬಿದ್ದರೆ ಇವರೂ ಬೀಳುತ್ತಾರೆ. ಎಡಿನ್‌ಬರೊದಲ್ಲಿ ಇದಕ್ಕೆ ಇನ್ನೂರು ವರ್ಷದ ಹಳೆಯ ಉದಾಹರಣೆ ಇದೆ. ಆರ್ಚಿಬಾಲ್ಡ್ ಕಾನ್‌ಸ್ಟೇಬಲ್ ಆ ಕಾಲದ ದೊಡ್ಡ ಪ್ರಕಾಶಕ. ಅವರ ಲೇಖಕ ಸರ್ ವಾಲ್ಟರ್ ಸ್ಕಾಟ್ ಆ ಕಾಲದ ಅತಿ ಜನಪ್ರಿಯ ಕಾದಂಬರಿಕಾರ. ವ್ಯವಹಾರವೆಲ್ಲ ಹುಂಡಿಗಳ ಮೇಲೆ, ಅಂದರೆ ಮುಂದೆ ಇಂಥ ದಿನ ಹಣ ಕೊಡುತ್ತೇವೆ ಅಂತ ಬರೆದುಕೊಟ್ಟ ಪತ್ರಗಳ ಮೇಲೆ, ಒಬ್ಬರಿಗೆ ಇನ್ನೊಬ್ಬರು ಜಾಮೀನು. 1825ರ ಕೊನೆಗೆ ಲಂಡನ್ನಿನಲ್ಲಿ ಹಣಕಾಸಿನ ಬಿಕ್ಕಟ್ಟು ಬಂತು. ಅಲ್ಲಿ ಇವರ ಪುಸ್ತಕ ಮಾರುತ್ತಿದ್ದ ಹರ್ಸ್ಟ್ ರಾಬಿನ್‌ಸನ್ ಕಂಪನಿ ಕುಸಿಯಿತು. 1826ರ ಜನವರಿಯಲ್ಲಿ ಕಾನ್‌ಸ್ಟೇಬಲ್ ಬಿದ್ದರು. ಅವರ ಹಿಂದೆಯೇ ಸ್ಕಾಟ್ ಪಾಲುದಾರರಾಗಿದ್ದ ಬ್ಯಾಲಂಟೈನ್ ಮುದ್ರಣಾಲಯ. ಪುಸ್ತಕಗಳು ಚೆನ್ನಾಗಿ ಮಾರಾಟವಾಗುತ್ತಲೇ ಇದ್ದವು, ಆದರೂ ಸ್ಕಾಟ್ ತಲೆಯ ಮೇಲೆ ಒಂದು ಲಕ್ಷ ಪೌಂಡಿಗೂ ಮೀರಿದ ಸಾಲ ಬಂತು. ದಿವಾಳಿ ಅಂತ ಕೈ ಎತ್ತಲು ಅವರು ಒಪ್ಪಲಿಲ್ಲ. 1832ರಲ್ಲಿ ಸಾಯುವವರೆಗೂ ಬರೆದು ಬರೆದು ತೀರಿಸುತ್ತಾ ಹೋದರು.

2020ರ ಜೂನ್‌ನಲ್ಲಿ ಇದೇ ಬಗೆಯ ಪೆಟ್ಟು ಇನ್ನೊಂದು ರೂಪದಲ್ಲಿ ಬಿತ್ತು. ಬ್ರಿಟನ್ನಿನ ದೊಡ್ಡ ಸಗಟು ಪುಸ್ತಕ ವ್ಯಾಪಾರಿ ಬರ್ಟ್ರಮ್ಸ್ ಮುಳುಗಿತು. ಅದಕ್ಕೆ ಪುಸ್ತಕ ಕೊಟ್ಟಿದ್ದ ಪ್ರಕಾಶಕರೆಲ್ಲ ಬಾಕಿಗಾಗಿ ಸಾಲುಗಟ್ಟಿ ನಿಲ್ಲಬೇಕಾಯಿತು. ಅದಕ್ಕೂ ಮುಂಚೆಯೇ, ಮಾರ್ಚಿನಲ್ಲಿ, ಲಾಕ್‌ಡೌನಿನಿಂದ ಅಂಗಡಿಗಳು ಮುಚ್ಚಿದ್ದವು. ಆಗಸ್ಟಿನ ಎಡಿನ್‌ಬರೊ ಪುಸ್ತಕೋತ್ಸವ ಆನ್‌ಲೈನ್‌ಗೆ ಹೋಯಿತು. ಉತ್ಸವದ ಡೇರೆಯಲ್ಲಿ ಲೇಖಕರ ಮಾತು ಕೇಳಿ, ಹೊರಗೆ ಬಂದು ಸಹಿ ಹಾಕಿಸಿಕೊಂಡು ಪುಸ್ತಕ ಕೊಳ್ಳುವ ಓದುಗರೇ ಸಣ್ಣವರಿಗೆ ದೊಡ್ಡ ಬಲ. ಆ ವರ್ಷ ಅದೂ ಇಲ್ಲ. ಮರುವರ್ಷ ಬ್ರೆಕ್ಸಿಟ್‌ನ ಕಸ್ಟಮ್ಸ್ ಕಾಗದಪತ್ರ, ಅದರ ಬೆನ್ನಿಗೇ ಕಾಗದದ ಬೆಲೆ ಏರಿಕೆ.

ಹಾಗಾದರೆ ಇವರು ಬದುಕುವುದು ಹೇಗೆ? ದುಡ್ಡನ್ನು ಮುಂಚೆಯೇ ಬರುವಂತೆ ಮಾಡಿಕೊಳ್ಳುವುದು ಒಂದು ದಾರಿ. 2016ರಲ್ಲಿ ಹೆದರ್ ಮಕ್‌ಡೇಯ್ಡ್ ಮತ್ತು ಲಾರಾ ಜೋನ್ಸ್ ಅನ್ನೋ ಇಬ್ಬರು ಯುವತಿಯರು 404 ಇಂಕ್ ಶುರು ಮಾಡಿದರು. ಅವರ ಮೊದಲ ಪುಸ್ತಕ 'ನ್ಯಾಸ್ಟಿ ವಿಮೆನ್', ಹೆಣ್ಣುಮಕ್ಕಳ ಅನುಭವ ಬರಹಗಳ ಸಂಕಲನ. ಜನರಿಂದ ಮುಂಚೆಯೇ ಹಣ ಕೂಡಿಸುವ ಕಿಕ್‌ಸ್ಟಾರ್ಟರ್ ಅನ್ನೋ ಜಾಲತಾಣದಲ್ಲಿ 6,000 ಪೌಂಡ್ ಕೇಳಿದರು, ಬಂದದ್ದು 22,000ಕ್ಕೂ ಜಾಸ್ತಿ. 2017ರ ಮಾರ್ಚ್ 8ರಂದು ಪುಸ್ತಕ ಬಂತು. ಓದುಗರು ಮೊದಲೇ ಕೊಟ್ಟ ಹಣದಲ್ಲಿ ಮುದ್ರಣ ಆಯಿತು. ಹೀಗೆ ಹೋದ ಪ್ರತಿಗಳಿಗೆ ಅಂಗಡಿಯ ಪಾಲೂ ಇಲ್ಲ, ವಾಪಸಾತಿಯ ಭಯವೂ ಇಲ್ಲ. ಚಾರ್ಕೊದವರು ಚಂದಾ ಪದ್ಧತಿ ಇಟ್ಟುಕೊಂಡಿದ್ದಾರೆ. ಓದುಗರು ಮೊದಲೇ ಹಣ ಕಟ್ಟುತ್ತಾರೆ, ಪುಸ್ತಕ ಬಂದಂತೆ ಮನೆಗೆ ತಲುಪುತ್ತದೆ. ಅವರ ಪುಸ್ತಕಗಳ ಮುಖಪುಟದಲ್ಲೇ ಅನುವಾದಕರ ಹೆಸರು ಇರುತ್ತದೆ. ಧಾರವಾಡದ ಮನೋಹರ ಗ್ರಂಥಮಾಲೆಯ ಚಂದಾದಾರರನ್ನು ಬಲ್ಲವರಿಗೆ ಈ ದಾರಿ ಹೊಸದಲ್ಲ.

ಇನ್ನೊಂದು ದಾರಿ ಸರ್ಕಾರ ಮತ್ತು ಲಾಟರಿ ಹಣದಿಂದ ಕ್ರಿಯೇಟಿವ್ ಸ್ಕಾಟ್ಲೆಂಡ್ ಅನ್ನೋ ಕಲಾ ಸಂಸ್ಥೆ ಕೊಡುವ ಅನುದಾನ. ಸ್ಕಾಟ್ಲೆಂಡಿನ ಹಳೆಯ ಭಾಷೆಯಾದ ಗೇಲಿಕ್‌ನ ಪುಸ್ತಕಗಳಿಗೆ 1968ರಲ್ಲೇ ಶುರುವಾದ ಗೇಲಿಕ್ ಬುಕ್ಸ್ ಕೌನ್ಸಿಲ್ ಬೆನ್ನಿಗಿದೆ. ಗೇಲಿಕ್ ಮಾತಾಡುವವರು ಅಷ್ಟು ಕಡಿಮೆ ಇರುವಾಗ ಬರೀ ಮಾರಾಟದಿಂದ ಆ ಭಾಷೆಯಲ್ಲಿ ಪುಸ್ತಕ ತರುವುದು ಆಗದ ಮಾತು. ಇಂಥ ಅನುದಾನವನ್ನು ನಾನು ದಾನ ಅಂತ ನೋಡುವುದಿಲ್ಲ, ರಸ್ತೆಗೆ ಹಾಕುವ ಹಣದಷ್ಟೇ ಅಗತ್ಯದ್ದು ಅದು. ಹಕ್ಕುಗಳ ಮಾರಾಟವೂ ಇದೆ. ವಸಂತದಲ್ಲಿ ಲಂಡನ್, ಅಕ್ಟೋಬರಿನಲ್ಲಿ ಫ್ರಾಂಕ್‌ಫರ್ಟ್ ಪುಸ್ತಕ ಮೇಳ. ಒಂದು ಜರ್ಮನ್ ಅನುವಾದದ ಹಕ್ಕು ಹೋದರೆ ಮುದ್ರಣದ ಖರ್ಚಿಲ್ಲದೆ, ವಾಪಸಾತಿ ಇಲ್ಲದೆ ಹಣ ಬರುತ್ತದೆ. ಅದರಲ್ಲಿ ದೊಡ್ಡ ಪಾಲು ಲೇಖಕರದು, ಉಳಿದದ್ದು ಆ ತಿಂಗಳ ಸಂಬಳಕ್ಕೆ ಆಗುತ್ತದೆ.

ಆದರೆ ನಿಜವಾಗಿ ಮನೆ ನಡೆಸುವುದು ಹಳೇ ಪುಸ್ತಕಗಳು. ಸಂಪಾದನೆಯ ಖರ್ಚು, ಪ್ರಚಾರದ ಖರ್ಚು ಎಲ್ಲ ಎಂದೋ ತೀರಿರುತ್ತದೆ. ತಿಂಗಳಿಗಿಷ್ಟು ಅಂತ ಹೋಗುತ್ತಿರುತ್ತವೆ, ಅಂಗಡಿಗಳೂ ಬೇಕಾದಷ್ಟೇ ತರಿಸಿಕೊಳ್ಳುತ್ತವೆ. ನ್ಯಾನ್ ಶೆಫರ್ಡ್ ಅವರ 'ದ ಲಿವಿಂಗ್ ಮೌಂಟನ್' ತಗೊಳ್ಳಿ. ಸ್ಕಾಟ್ಲೆಂಡಿನ ಕೇರ್ನ್‌ಗಾರ್ಮ್ ಬೆಟ್ಟಗಳಲ್ಲಿ ಜೀವಮಾನವಿಡೀ ನಡೆದವರು ಬರೆದ ತೆಳ್ಳನೆಯ ಪುಸ್ತಕ. ಎರಡನೇ ಮಹಾಯುದ್ಧದ ಕಾಲದಲ್ಲಿ ಬರೆದದ್ದು. ಮೂವತ್ತು ವರ್ಷ ಹಸ್ತಪ್ರತಿಯಾಗಿಯೇ ಉಳಿದು, 1977ರಲ್ಲಿ ಅಬರ್ಡೀನ್‌ನಲ್ಲಿ ಅಚ್ಚಾಯಿತು, ಹೆಚ್ಚು ಜನ ಗಮನಿಸಲಿಲ್ಲ. ಮುಂದೆ ಕ್ಯಾನನ್‌ಗೇಟ್ ಅದನ್ನು ಕೈಗೆತ್ತಿಕೊಂಡು ಮತ್ತೆ ಮತ್ತೆ ಅಚ್ಚು ಹಾಕುತ್ತಾ ಬಂತು. 2016ರಲ್ಲಿ ರಾಯಲ್ ಬ್ಯಾಂಕ್ ಆಫ್ ಸ್ಕಾಟ್ಲೆಂಡಿನ ಹೊಸ 5 ಪೌಂಡ್ ನೋಟಿನ ಮೇಲೆ ಶೆಫರ್ಡ್ ಅವರ ಮುಖ ಬಂತು. ಈಗ ಬೆಟ್ಟ ಹತ್ತುವವರು, ಪ್ರಕೃತಿ ಬರಹ ಓದುವವರು ಯಾರ ಹತ್ತಿರ ಕೇಳಿದರೂ ಆ ಪುಸ್ತಕದ ಹೆಸರು ಬರುತ್ತದೆ.

ಅದಕ್ಕೇ ಸಣ್ಣ ಪ್ರಕಾಶಕರು ವರ್ಷದ ಕೊನೆಗೆ ಬರೆದದ್ದನ್ನು ಓದುವಾಗ ನಾನು ಹೊಸ ಪುಸ್ತಕಗಳ ಪಟ್ಟಿ ದಾಟಿ, ಮರುಮುದ್ರಣವಾದ ಹಳೆಯವು ಯಾವುವು ಅಂತ ಹುಡುಕುತ್ತೇನೆ. ಆರೇಳು ವರ್ಷದ ಹಿಂದೆ ಬಂದ ಮೂರು ನಾಲ್ಕು ಪುಸ್ತಕ ಈ ವರ್ಷವೂ ಮತ್ತೆ ಅಚ್ಚಾಗಿದ್ದರೆ, ಜನವರಿಯಲ್ಲಿ ವಾಪಸ್ ಬರುವ ಪೆಟ್ಟಿಗೆಗಳನ್ನು ಆ ಸಂಸ್ಥೆ ತಡೆದುಕೊಳ್ಳುತ್ತದೆ.